ಒಂದರ ಹಾಗೆ ಇನ್ನೊಂದಿಲ್ಲ
ಪೇಸ್ಲಿ ಊರಿನ ಮಗ್ಗಗಳಿಗೆ ನಮೂನೆ ಬರೆದುಕೊಡುವ ನಿನಿಯನ್, ಕಾಶ್ಮೀರದಿಂದ ಬಂದ ಶಾಲನ್ನು ನಕಲು ಮಾಡಲೆಂದು ಹರಡಿಕೊಂಡು ಮೂರು ದಿನದಿಂದ ಭೂತಗನ್ನಡಿ ಹಿಡಿದು ಕೂತಿದ್ದ. ಮಾವಿನಕಾಯಿ ಬುಟ್ಟಾ ಎಲ್ಲಿ ಮರುಕಳಿಸುತ್ತದೆಂದು ತಿಳಿದರೆ ಸಾಕು, ಮಗ್ಗ ಅದನ್ನೇ ಮತ್ತೆ ಮತ್ತೆ ನೇಯುವಂತೆ ನಮೂನೆಯ ರಟ್ಟುಗಳಿಗೆ ತೂತು ಹೊಡೆಸಬಹುದಿತ್ತು.

"ಇನ್ನೂ ಸಿಗಲಿಲ್ವೇನ್ರೀ?" ಗಂಜಿ ತಂದಿಟ್ಟ ಹೆಂಡತಿ ಎಲ್ಸ್‌ಪೆತ್ ಕೆಣಕಿದಳು.

"ನೂರಾ ನಲವತ್ತು ಬುಟ್ಟಾ ಇದಾವೆ ಕಣೇ. ಒಂದರ ಹಾಗೆ ಇನ್ನೊಂದಿಲ್ಲ."

"ಹಾಗಾದ್ರೆ ಆ ನೇಕಾರ ತಪ್ಪು ನೇಯ್ದಿದಾನೆ ಬಿಡಿ."

"ತಪ್ಪಲ್ವೇ! ಪ್ರತಿಯೊಂದನ್ನೂ ಅದೇ ಮೊದಲನೇದು ಅನ್ನೋ ಹಾಗೆ ನೇಯ್ದಿದಾನೆ. ನೋಡು ಬಾ."

ಎಲ್ಸ್‌ಪೆತ್ ಬಗ್ಗಿ ನೋಡಿದಳು. ಗಂಜಿ ಆರಿಹೋಯಿತು, ಇಬ್ಬರಿಗೂ ಅದರ ನೆನಪಿರಲಿಲ್ಲ.

ರಟ್ಟಿಗೆ ಒಂದೇ ಬುಟ್ಟಾ ಸಾಕು, ಮಿಕ್ಕವನ್ನು ಕೈಬಿಡಬೇಕು. ಸಂಜೆಯವರೆಗೂ ಇಬ್ಬರೂ ಹುಡುಕಿದರು. ಕೈಬಿಡಬಹುದಾದದ್ದು ಒಂದೂ ಸಿಗಲಿಲ್ಲ.