ತಂತಿ ಮರಳುವ ದಾರಿ

"ಸರ್, ಎರಡೂ ತಂತಿ ಒಂದೇ ಗೂಡಲ್ಲಿ ಹೋಗ್ತಿವೆ," ಎಂದಳು ಕಿರಿಯ ಎಂಜಿನಿಯರ್, ಗೋಡೆಯೊಳಗಿನ ತಂತಿಗೂಡಿನ ಕಿಂಡಿಯಿಂದ ತಲೆ ಹೊರಗೆಳೆದು. ಕೂದಲ ತುಂಬ ಸುಣ್ಣದ ಪುಡಿ.

"ಹೋಗ್ಲಿ ಬಿಡಮ್ಮ. ನೀನು ರಿಂಗ್ ಬೇಕು ಅಂದೆ, ಆಯ್ತಲ್ಲ," ಎಂದರು ಹಿರಿಯ ಎಂಜಿನಿಯರ್. "ನಕ್ಷೇಲಿ ಎಷ್ಟು ಚೆನ್ನಾಗಿ ಗುಂಡಗಿದೆ ನೋಡು!"

ಹಳೆಯ ಆಸ್ಪತ್ರೆಯ ಬಿಸಿ, ಗಾಳಿ, ದೀಪ ಎಲ್ಲದರ ಸುದ್ದಿಯೂ ಇನ್ನು ಮುಂದೆ ಒಂದು ಮುಖ್ಯ ತಂತಿಯಲ್ಲಿ ಕೆಳಗಿನ ಕಂಟ್ರೋಲ್ ರೂಮಿಗೆ ತಲುಪಬೇಕಿತ್ತು. ಅದನ್ನು ಹೇಗೆ ಎಳೆಯಬೇಕೆಂಬ ತೀರ್ಮಾನ ಅವಳದು. ಮಹಡಿಯಿಂದ ಮಹಡಿಗೆ ಒಂದೇ ಸಾಲಾಗಿ ಎಳೆದರೆ, ಕಡಿದಲ್ಲಿಂದ ಆಚೆಯದೆಲ್ಲ ಮೂಕ. ಅದಕ್ಕೇ ಅವಳು ಸುತ್ತಿಕೊಂಡು ಮರಳಿ ಬರುವ ರಿಂಗ್ ಆರಿಸಿದ್ದಳು. ಒಂದು ಕಡೆ ತುಂಡಾದರೂ ಸುದ್ದಿ ಇನ್ನೊಂದು ಕಡೆಯಿಂದ ಬಂದೀತು. ಆದರೆ ಹೋಗುವುದೂ ಬರುವುದೂ ಒಂದೇ ಗೂಡಿನಲ್ಲಾದರೆ, ಯಾರದೋ ಡ್ರಿಲ್ ಸ್ವಲ್ಪ ಜಾರಿದರೂ ಎರಡೂ ಒಟ್ಟಿಗೇ ತುಂಡಾಗುತ್ತವೆ. ಮೇಲಿನ ಮಹಡಿಯಲ್ಲಿದ್ದುದು ದಿನ ತುಂಬದೆ ಹುಟ್ಟಿದ ಕೂಸುಗಳು. ನಾಳೆ ಗೂಡಿಗೆ ಗಾರೆ ಬೀಳುವುದಿತ್ತು.

ಮರಳುವ ತಂತಿಗೆ ಬೇರೆ ದಾರಿ ಒಂದೇ: ನರ್ಸುಗಳ ಪುಟ್ಟ ಕೋಣೆಯ ಗೋಡೆ.

"ಸಿಸ್ಟರ್ ಒಪ್ಪಿದ್ರೆ ಮಾಡ್ಕೋ. ನಾನಂತೂ ಅವ್ರ ಮುಂದೆ ಬಾಯಿ ಬಿಡಲ್ಲಪ್ಪ," ಎಂದು ಹಿರಿಯರು ಜಾರಿಕೊಂಡರು.

ವಾರ್ಡಿನ ಹಿರಿಯ ಸಿಸ್ಟರ್ ಆ ಕೋಣೆಯಲ್ಲೇ ಕೈಕಟ್ಟಿ ನಿಂತು ಕೇಳಿಸಿಕೊಂಡರು. "ತಂತಿ ಹೋದ್ರೆ ಮಕ್ಕಳಿಗೆ ಬಿಸಿ ನಿಂತ್ಹೋಗುತ್ತಾ?"

"ಇಲ್ಲ ಸಿಸ್ಟರ್. ಹೀಟರ್ ಅದರ ಪಾಡಿಗೆ ನಡೀತಿರುತ್ತೆ. ಆದ್ರೆ ಅದೇ ಕೆಟ್ರೆ ಕೆಳಗಿರೋರಿಗೆ ಗೊತ್ತಾಗಲ್ಲ."

"ಅಂದ್ರೆ ಅದು ಅತ್ರೂ ಕೆಳಗೆ ಕೇಳಿಸಲ್ಲ ಅನ್ನು."

"ಹೂಂ, ಹಾಗೇ."

ಸಿಸ್ಟರ್ ತಂತಿ ಏರಬೇಕಾದ ಗೋಡೆಗೆ ಒತ್ತಿಕೊಂಡಿದ್ದ ಬೆಂಚನ್ನು ನೋಡಿದರು. "ರಾತ್ರಿಯೆಲ್ಲ ನಿಂತೋರು ಬೆನ್ನು ಊರೋಕೆ ಇರೋದು ಇದೊಂದೇ ಜಾಗ ಕಣಮ್ಮ."

ಅವಳು ಗೋಡೆಯನ್ನಷ್ಟೇ ಅಳೆದಿದ್ದಳು. ಬೆಂಚಿನ ಸವೆದ ಅಂಚನ್ನು ಈಗ ಕಂಡಳು. "ಕಿಟಕಿ ಕೆಳಗೆ ಅಡ್ಡಡ್ಡ ಹಾಕಿ ನೋಡೋಣ್ವಾ?"

ಆಗಷ್ಟೇ ರಾತ್ರಿ ಡ್ಯೂಟಿ ಮುಗಿಸಿ ಬಂದ ನರ್ಸೂ ಕೈಹಚ್ಚಿದಳು. ಮೂವರೂ ಬೆಂಚನ್ನು ತಿರುಗಿಸಿದರು. ಈಗ ಬಾಗಿಲು ಅರ್ಧವೇ ತೆರೆಯುತ್ತಿತ್ತು.

"ಇನ್ನೂ ಒಳ್ಳೇದಾಯ್ತು," ಎಂದಳು ನರ್ಸ್. "ನಮ್ಮ ಡೊಳ್ಳುಹೊಟ್ಟೆ ಡಾಕ್ಟ್ರು ಇನ್ಮೇಲೆ ಒಳಗೆ ಬಂದು ಎಬ್ಬಿಸಲ್ಲ."

"ಬಾಯಿ ಸಾಕು, ಮಲಗಿ ನೋಡು," ಎಂದರು ಸಿಸ್ಟರ್.

ನರ್ಸ್ ಮಲಗಿದಳು. ಕಾಲು ಬೆಂಚಿನಾಚೆ ಚಾಚಿಕೊಂಡವು. ಸಿಸ್ಟರ್ ಒಂದು ಸ್ಟೂಲನ್ನು ಅವಳ ಹಿಮ್ಮಡಿಯಡಿ ಸರಿಸಿದರು.

ಎಂಜಿನಿಯರ್ ಅಳತೆಪಟ್ಟಿ ಎಳೆದಳು. "ಹೀಗೆ ಸರಿ ಹೋಗುತ್ತಾ ನಿಮಗೆ?"

ನರ್ಸಿಗೆ ಆಗಲೇ ನಿದ್ದೆ ಹತ್ತಿತ್ತು. ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು, ಪಟ್ಟಿಯ ಇನ್ನೊಂದು ತುದಿಯನ್ನು ತಾವೇ ಹಿಡಿದರು. ತಂತಿ ಏರಬೇಕಾದ ಕಡೆ ಎಂಜಿನಿಯರ್ ಪೆನ್ಸಿಲಿನಿಂದ ಗೆರೆ ಎಳೆದಳು. ಆಮೇಲೆ, ಪಟ್ಟಿ ಚಟ್ಟನೆ ಒಳಸೇರದಂತೆ ಹೆಬ್ಬೆರಳಿನಿಂದ ತಡೆಯುತ್ತ, ಚೂರು ಚೂರೇ ಒಳಗೆ ಬಿಟ್ಟಳು.