ಬಾಣಂತನದ ಕೋಣೆಯ ಬಿರುಕು

ಚೊಚ್ಚಲ ಹೆರಿಗೆಗೆ ಮಗಳು ಬರುವವಳಿದ್ದಳೆಂದು ಸೊಣ್ಣಮ್ಮ ಮೂಡಲ ಕೋಣೆಯನ್ನು ಖಾಲಿ ಮಾಡುತ್ತಿದ್ದಳು. ಅದು ಅರವತ್ತಮೂರನೇ ಇಸವಿಯ ಬೇಸಿಗೆ. ರಾಗಿ ಮೂಟೆ ಎಳೆಯುವಾಗ ಒಂದಷ್ಟು ಕಾಳು ಚೆಲ್ಲಿತು. ಪೊರಕೆಯಿಂದ ಗೋಡೆಯ ಕಡೆಗೆ ಗುಡಿಸಿದಳು. ಮೂಲೆಗೆ ಹೋದ ಕಾಳು ಅಲ್ಲೇ ಮಾಯವಾಯಿತು. ಬಗ್ಗಿ ನೋಡಿದರೆ ನೆಲಕ್ಕೂ ಗೋಡೆಗೂ ನಡುವೆ ಕಿರುಬೆರಳು ತೂರುವಷ್ಟು ಸಂದು.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಕಿಟಕಿಯ ಮೂಲೆಯಿಂದ ಸೂರಿನ ಕಡೆಗೆ ಓರೆಯಾಗಿ ಏರಿದ ಬಿರುಕು. ಎತ್ತಿ ತಳ್ಳದೆ ಮುಚ್ಚಿಕೊಳ್ಳದ ಬಾಗಿಲು. ಹೊರಗೆ ಹೋಗಿ ನೋಡಿದಳು. ತಳಪಾಯದ ಕಲ್ಲನ್ನು ಬಿಟ್ಟು ಮಣ್ಣು ಹಿಂದೆ ಸರಿದಿತ್ತು. ಆ ಸಂದಿನಲ್ಲಿ ಅವಳ ಅಂಗೈ ಮಣಿಕಟ್ಟಿನವರೆಗೂ ಇಳಿಯಿತು.

ಗಂಡ ಬ್ಯಾಟರಾಯಪ್ಪ ದ್ರಾಕ್ಷಿ ತೋಟದಿಂದ ಬಂದವನು ಕೇಳಿಸಿಕೊಂಡು, ಕಾಲು ತೊಳೆಯುತ್ತಲೇ ಹೇಳಿದ: "ಬೇಸ್ಗೇಲಿ ನೆಲ ಬಿರಿಯೋದು ಒಸದಾ? ಮಳೆ ಬಂದ್ರೆ ಕೂಡ್ಕೊಳ್ತದೆ ಬಿಡು."

"ಕಳೆದ್ ವರ್ಸಾನೂ ಇಂಗೇ ಅಂದ್ರಿ. ಮಳೇಲಿ ಮುಚ್ಕೊಂತು, ನಾವೂ ಮರ್ತ್ವಿ. ಈಗ ಅದೇ ಜಾಗ ಇನ್ನೂ ಅಗಲ ಬಿಟ್ಟೈತೆ. ಅಲ್ಲಿ ಎಳೇ ಮಗೂನ ಮಲಗ್ಸೋದು ಎಂಗೆ?"

ಅವನು ಕಾಲು ಒರೆಸಿಕೊಂಡು ಒಳಗೆ ಹೋದ.

ಮರುದಿನ ಸೊಣ್ಣಮ್ಮ ಪೇಟೆಯಿಂದ ಗಾರೆ ಕೆಲಸದ ಖಾದರ್ ಬಾಷಾನನ್ನು ಕರೆಸಿದಳು. ಅವನು ಬ್ಯಾಟರಾಯಪ್ಪನ ಜೊತೆ ಮನೆಯ ಸುತ್ತ ಒಂದು ಸುತ್ತು ಬಂದು, ಮಣ್ಣಿನ ಹೆಂಟೆಯೊಂದನ್ನು ಎತ್ತಿ ಕೈಯಲ್ಲಿ ಪುಡಿ ಮಾಡಲು ನೋಡಿದ. ಅದು ಕಲ್ಲಿನಂತಿತ್ತು.

"ಇದು ಕೆರೆ ಅಂಚಿನ ಜೇಡಿಮಣ್ಣು, ಅಣ್ಣ. ನೀರು ಕುಡಿದ್ರೆ ಉಬ್ತದೆ, ಒಣಗಿದ್ರೆ ಕುಗ್ತದೆ. ಮಿಕ್ಕ ಮೂರು ಮೂಲೆ ಚೆನ್ನಾಗೇ ಐತೆ. ಇದೊಂದೇ ಯಾಕೆ ಕೆಳಗೆ ಕೂತ್ಕೊಳ್ತಾ ಐತೆ ಹೇಳಿ?" ಎಂದು ತಲೆಯೆತ್ತಿ ನೋಡಿದ.

ಮೂಲೆಯ ಪಕ್ಕದಲ್ಲೇ ನೀಲಗಿರಿ ಮರ ಸೂರನ್ನು ಮೀರಿ ಬೆಳೆದು ನಿಂತಿತ್ತು. ಮಗಳು ಮುನಿಕೃಷ್ಣಮ್ಮ ಚಿಕ್ಕವಳಿದ್ದಾಗ ವನಮಹೋತ್ಸವದಲ್ಲಿ ಶಾಲೆಯವರು ಕೊಟ್ಟ ಸಸಿ ಅದು. ಅವಳು ಮದುವೆಯಾಗಿ ಹೋದ ಮೇಲೆ ಬ್ಯಾಟರಾಯಪ್ಪ ಸಂಜೆಯ ಬೀಡಿ ಸೇದುತ್ತಿದ್ದುದು ಅದರ ಬುಡದಲ್ಲೇ.

"ಮಣ್ಣಲ್ಲಿರೋ ಚೂರುಪಾರು ನೀರನ್ನೂ ಇದು ಎಳ್ಕೊಳ್ತಾ ಐತೆ. ಮರ ತೆಗೀಬೇಕು. ಆ ಮೂಲೇಲಿ ಇನ್ನೂ ಆಳಕ್ಕೆ ಅಗೆದು ಕಲ್ಲು ಕೊಡ್ಬೇಕು. ಅಲ್ಲಿವರೆಗೂ ಅಲ್ಲಿ ಯಾರನ್ನೂ ಮಲಗಿಸ್ಬೇಡಿ," ಎಂದ ಬಾಷಾ. ಹೊರಡುವ ಮೊದಲು ಬಿರುಕಿನ ಮೇಲೆ ಅಡ್ಡಲಾಗಿ ಒಂದು ಹಿಡಿ ಸುಣ್ಣದ ಗಾರೆ ಮೆತ್ತಿದ. "ಇದು ಸೀಳಿದ್ರೆ ಗೋಡೆ ಇನ್ನೂ ಸರೀತಾ ಐತೆ ಅಂತ ಲೆಕ್ಕ."

ಸೊಣ್ಣಮ್ಮ ಗಂಡನ ಮುಖ ನೋಡಿ ಮರದ ಮಾತೆತ್ತಲಿಲ್ಲ. ಮಂಚವನ್ನು ನಡುಮನೆಗೆ ಎಳೆದು ಹಾಕಿದಳು.

ಮಣ್ಣು ಉಬ್ಬಿಕೊಂಡರೆ ಮರ ಉಳಿದೀತೆಂದು ಬ್ಯಾಟರಾಯಪ್ಪ ಸುಮ್ಮನಿರಲಿಲ್ಲ. ಬಾವಿಯ ನೀರು ತಳ ಕಂಡಿದ್ದರೂ ದಿನಾ ಸಂಜೆ ಬಿಂದಿಗೆ ಬಿಂದಿಗೆ ಹೊತ್ತು ತಂದು ಆ ಮೂಲೆಗೆ ಸುರಿಯತೊಡಗಿದ. ಸೊಣ್ಣಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. ಬೇಡವೆನ್ನಲು ಮನಸ್ಸಾಗಲಿಲ್ಲ. ನಾಲ್ಕಾರು ದಿನಕ್ಕೆ ಬಾಷಾ ಮೆತ್ತಿದ್ದ ಗಾರೆ ಸೀಳಿತು. ಅವನೂ ಅದನ್ನು ನೋಡಿದ. ಬಿಂದಿಗೆಯನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿ ಒಳಗೆ ಬಂದು, ಊಟ ಬೇಡವೆಂದು ಮಲಗಿಬಿಟ್ಟ.

ಆ ವಾರವೇ ಮುನಿಕೃಷ್ಣಮ್ಮ ಬಂದಳು. ತುಂಬಿದ ಬಸುರಿ, ಪಾದ ಊದಿಕೊಂಡಿತ್ತು. ನಡುಮನೆಯಲ್ಲಿದ್ದ ಮಂಚ ನೋಡಿ, "ಯಾಕವ್ವ, ನನ್ ಕೋಣೆ ಏನಾಯ್ತು?" ಎಂದಳು. ಉತ್ತರಕ್ಕೂ ಕಾಯದೆ ತಾನೇ ಹೋಗಿ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ನೋಡಿದಳು. ತಿರುಗಿ ಬಂದು ಅಪ್ಪನ ಮುಂದೆ ನಿಂತಳು.

"ನಿನ್ ಮರದಿಂದ ಆಗೈತೆ ಕಣಮ್ಮ," ಎಂದ ಬ್ಯಾಟರಾಯಪ್ಪ, ತಾನೇ ಏನೋ ತಪ್ಪು ಮಾಡಿದವನಂತೆ. "ಕಡೀಬೇಕಂತೆ. ನಂಗೆ ಕೈ ಬರ್ತಿಲ್ಲ."

"ನನ್ ಮರನಾ?" ಮುನಿಕೃಷ್ಣಮ್ಮನಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತಳು. "ಅಪ್ಪಾ, ಅವತ್ತು ಎಲ್ರಿಗೂ ಮಾವಿನ ಸಸಿ ಕೊಟ್ರು. ನನ್ ಸರದಿ ಬರೋ ಅಷ್ಟೊತ್ಗೆ ಮಾವು ಮುಗ್ದು ಇದನ್ನ ಕೈಗಿಟ್ರು. ದಾರಿ ಉದ್ದಕ್ಕೂ ಅತ್ಕೊಂಡ್ ಬಂದೆ. ಎಸೀತೀನಿ ಅಂತ ಕೂತಿದ್ದೆ. ನೀನೇ ಅಲ್ವಾ ಸಮಾಧಾನ ಮಾಡಿ, ಎಗಲ ಮೇಲೆ ಕೂರಿಸ್ಕೊಂಡು ಓಗಿ ನೆಟ್ಟಿದ್ದು? ನಂಗೆ ನಿನ್ ಎಗಲು ನೆನಪೈತೆ. ಮರದ್ ಕಡೆ ಆಮೇಲೆ ತಿರುಗೂ ನೋಡ್ಲಿಲ್ಲ."

"ನೀನ್ ಅತ್ತಿದ್ದಾ? ನಂಗೆ ನೆನಪೇ ಇಲ್ಲ."

"ಕಡ್ಸಪ್ಪ. ನಾನೇನು ಮರ ನೋಡಕ್ಕೆ ಬಂದಿದ್ದೀನಾ?"

ಅವನು ಎದ್ದು ಹೊರಗೆ ಹೋದ. ಅಳುತ್ತಾನೇನೋ ಎಂದುಕೊಂಡು ಸೊಣ್ಣಮ್ಮ ಹಿಂದೆಯೇ ಹೋದಳು. ಅವನು ಕೊಟ್ಟಿಗೆಯ ಅಟ್ಟದಿಂದ ಕೊಡಲಿ ಇಳಿಸುತ್ತಿದ್ದ.

ಮರ ಮನೆಯ ಮೇಲೆ ಬೀಳದ ಹಾಗೆ ಹಗ್ಗ ಕಟ್ಟಿ, ಅಕ್ಕಪಕ್ಕದವರನ್ನು ಸೇರಿಸಿ ಉರುಳಿಸಿದರು. ಬಾಷಾ ಅದರಿಂದಲೇ ಆಸರೆ ಕಂಬ ಮಾಡಿ ಸೂರಿಗೆ ಆನಿಸಿದ. ತಳಪಾಯವನ್ನು ಒಂದೇ ಸಲ ಬಿಚ್ಚದೆ, ಸ್ವಲ್ಪ ಸ್ವಲ್ಪವೇ ಅಗೆದು, ಗಟ್ಟಿ ನೆಲ ಸಿಕ್ಕಮೇಲೆ ಕಲ್ಲು ಕೂರಿಸಿ, ಅದು ಬಿಗಿದ ಬಳಿಕ ಪಕ್ಕದ್ದಕ್ಕೆ ಕೈ ಹಾಕಿದ. ಬಿರುಕನ್ನು ಮಾತ್ರ ಆಗಲೇ ಮುಚ್ಚಲಿಲ್ಲ. "ಮಳೆ ಉಯ್ದು ಮಣ್ಣು ತಾನೇ ತಾನಾಗಿ ಕೂತ್ಕೊಳ್ಲಿ. ಈಗ ಬಳಿದ್ರೆ ಮತ್ತೆ ಬಿಡ್ತದೆ," ಎಂದ.

ಭರಣಿ ಮಳೆ ಚೆನ್ನಾಗಿ ಹೊಯ್ಯಿತು. ಮರುದಿನ ಬೆಳಿಗ್ಗೆ ಮೂವರೂ ಹೋಗಿ ಆ ಮೂಲೆಯನ್ನು ನೋಡಿದರು. ಕಲ್ಲು ಕದಲಿರಲಿಲ್ಲ. ಬಿರುಕು ಕೂದಲೆಳೆಯಷ್ಟು ಉಳಿದಿತ್ತು. ಬಾಷಾ ಬಂದು ಗಾರೆ ಬಳಿದು ಸುಣ್ಣ ಹೊಡೆದ. ಬಾಗಿಲನ್ನು ಮುಚ್ಚಿ ತೆಗೆದು, ಮುಚ್ಚಿ ತೆಗೆದು ತೋರಿಸಿದ.

ಗೋಡೆ ಒಣಗಿದ ಮೇಲೆ ಮಂಚ ಒಳಗೆ ಹೋಯಿತು. ಹೆಣ್ಣು ಮಗು ಹುಟ್ಟಿತು. ಸಾಂಬ್ರಾಣಿ ಹೊಗೆಯ ಆ ಕೋಣೆಗೆ ಗಂಡಸರು ಹೊತ್ತುಗೊತ್ತಿಲ್ಲದೆ ಹೋಗುವುದನ್ನು ಸೊಣ್ಣಮ್ಮ ಒಪ್ಪುತ್ತಿರಲಿಲ್ಲ. ಆದರೂ ಮಧ್ಯಾಹ್ನ ತೋಟದಿಂದ ಬಂದ ಕೂಡಲೇ ಬ್ಯಾಟರಾಯಪ್ಪ ಬಾಗಿಲಲ್ಲಿ ಹಾಜರು.

"ಗೋಡೆ ಎಂಗೈತೋ ಒಂದ್ಸಲ ನೋಡ್ಕೊಂಡ್ ಓಗ್ತೀನಿ," ಎಂದು ತೊಟ್ಟಿಲ ಮೇಲೆ ಬಗ್ಗುತ್ತಿದ್ದ.

"ಗೋಡೆ ಆ ಕಡೆ ಐತೆ," ಎನ್ನುತ್ತಿದ್ದಳು ಸೊಣ್ಣಮ್ಮ.

ಮುನಿಕೃಷ್ಣಮ್ಮ ಮಗುವಿನ ಮುಖದ ಮೇಲಿದ್ದ ಬಟ್ಟೆಯನ್ನು ಅಪ್ಪನಿಗೆ ಕಾಣುವಷ್ಟು ಸರಿಸುತ್ತಿದ್ದಳು.