ಎಡ್ನಾಳ ಕೊಳೆ ಏಪ್ರನ್

ನಾಳೆ ಬಾ ಎಂದರೆ ಇವತ್ತೇ ಬಂದು ನಿಲ್ಲುವುದು ಎಡ್ನಾಳ ಹುಟ್ಟುಗುಣ. ಓಲ್ಡಮ್ ಊರಿನ ಗ್ರಂಥಾಲಯದ ಮಹಡಿಯಲ್ಲಿ ಪ್ರದರ್ಶನಕ್ಕೆ ಚಿತ್ರ ತೂಗುಹಾಕುತ್ತಿದ್ದ ಮಗಳು ಬ್ರೆಂಡಾಗೆ, ಮೆಟ್ಟಿಲ ಮೇಲೆ ಅಮ್ಮನ ಊರುಗೋಲಿನ ಸದ್ದು ಕೇಳಿಸಿತು. ಅಮ್ಮನ ಹಳೆಯ ಏಪ್ರನ್ನನ್ನು ಕೇಳದೆ ತಂದು ಗೋಡೆಗೇರಿಸಿದ್ದಳಲ್ಲ! ಅಮ್ಮ ಬೇಡವೆಂದರೆ ಕಿತ್ತುಕೊಡಲೇಬೇಕು. ಎರಡು ವರ್ಷದ ದುಡಿಮೆ ಮಣ್ಣುಪಾಲು.

ಚಿತ್ರವೇನು ಸಾಮಾನ್ಯದ್ದೇ! ಮಹಾಯುದ್ಧ ಮುಗಿದ ಕಾಲದ ವಾರಪತ್ರಿಕೆಗಳನ್ನು ಕತ್ತರಿಸಿ ಅಂಟಿಸಿದ ಆಳೆತ್ತರದ ಹೆಂಗಸು. ತುಟಿಗೆ ಕೆಂಪು, ಕತ್ತಿಗೆ ಮುತ್ತು, ಹೊಳೆಯುವ ಫ್ರಿಜ್ಜಿಗೊರಗಿ ನಗುತ್ತಾಳೆ. ಸುತ್ತ ನಿಜವಾದ ಪಡಿತರ ಚೀಟಿಗಳು, ಕಲ್ಲಿದ್ದಲ ಮಸಿ. ಸೊಂಟಕ್ಕೆ ಎಡ್ನಾಳ ಏಪ್ರನ್, ಮಾಸಿದ್ದು, ತೇಪೆ ಹಾಕಿದ್ದು.

ಎಡ್ನಾ ಕನ್ನಡಕ ಏರಿಸಿ ನೋಡಿದಳು. ಮುಖ ಕೆಂಪಾಯಿತು.

“ಏನೇ ಇದು? ನಾಲ್ಕು ಜನ ನೋಡೋ ಕಡೆ ಇದನ್ನ ಕಟ್ಟಿದೀಯಾ? ಕೊಳೆ ಏಪ್ರನ್ನಲ್ಲೇ ಬೀದಿ ಬಾಗ್ಲು ತೆಗೀತಿದ್ನಾ ನಾನು?”

“ನಿಜ ತೋರಿಸೋಣ ಅಂತ, ಅಮ್ಮ...”

“ನಿಜವಂತೆ, ನಿಜ! ಯಾರಾದ್ರೂ ಬಾಗ್ಲು ತಟ್ಟಿದ್ರೆ ಇದ್ರ ಮೇಲೊಂದು ಒಗೆದ ಏಪ್ರನ್ ಕಟ್ಕೊಂಡೇ ತೆಗೀತಿದ್ದಿದ್ದು. ನಮ್ ಬೀದಿ ಹೆಂಗಸರೆಲ್ಲ ಹಂಗೇ. ಬಾಗ್ಲ ಹಿಂದೆ ಮೊಳೇಲಿ ನೇತಾಡ್ತಿರಲಿಲ್ವಾ? ಅರ್ಧ ನಿಜ ಹೇಳಿ ನನ್ ಮಾನ ಕಳೀತೀಯಲ್ಲೇ.”

ಬಾಲ್ಯವೆಲ್ಲ ಕಂಡ ಆ ಮೊಳೆಯನ್ನು ಬ್ರೆಂಡಾ ಮರೆತೇಬಿಟ್ಟಿದ್ದಳು. ಅವಳಿಗೆ ನಾಚಿಕೆಯಾಯಿತು.

“ಕಿತ್ ಹಾಕ್ಲಾ?” ಎಂದಳು.

“ಕೀಳು ಅಂದ್ನಾ? ಮೇಲೊಂದು ಕಟ್ಟು ಅಂದೆ.”

ನಾಳೆ ಪ್ರದರ್ಶನಕ್ಕೆ ಬಂದವರಿಗೆ ಚಹಾ ಕೊಡುವಾಗ ಕಟ್ಟಿಕೊಳ್ಳಲೆಂದು ತಂದಿದ್ದ ಬಿಳಿ ಏಪ್ರನ್ನನ್ನು ಎಡ್ನಾ ಚೀಲದಿಂದ ತೆಗೆದು, ಕಾಗದದ ಹೆಂಗಸಿನ ಸೊಂಟಕ್ಕೆ ತಾನೇ ಕಟ್ಟಿದಳು. “ಬೇಕಾದೋರು ಎತ್ತಿ ನೋಡ್ಲಿ,” ಎಂದು ಅಂಚು ಎತ್ತಿದವಳು ಕೆಳಗಿನದರ ಅಂಗೈಯಗಲದ ಸುಟ್ಟ ಕಲೆಯನ್ನು ಸವರಿದಳು. ಚಿತ್ರದ ಪಕ್ಕದ ವಿವರಣೆ ಚೀಟಿಯಲ್ಲಿ ಬ್ರೆಂಡಾ ಬರೆದಿದ್ದಳು: ಇಸ್ತ್ರಿ ಮರೆತ ದಿನ.

“ಇಸ್ತ್ರಿ ಅಲ್ಲ ಕಣೇ ಪೆದ್ದಿ. ಆಲೂಗಡ್ಡೆ ಕರಿಯೋ ಬಾಣಲೆ ಹೊತ್ಕೊಂಡು ಉರೀತಿತ್ತು. ನೀನು ಒಲೆ ಹತ್ರ ಅಂಬೆಗಾಲಿಡ್ತಿದ್ದೆ. ಇದ್ರಲ್ಲೇ ಸುತ್ತಿ ಎತ್ಕೊಂಡು ಮುಂದಿನ ಕೋಣೆಗೆ ಓಡಿದೆ.”

ಬ್ರೆಂಡಾಗೆ ಅಳು ತಡೆಯಲಾಗಲಿಲ್ಲ. ಅಮ್ಮನನ್ನು ಬಾಚಿ ತಬ್ಬಿಕೊಂಡಳು. “ಯಾರಿಗೂ ಹೇಳ್ಲೇ ಇಲ್ವಲ್ಲಮ್ಮ!”

“ಹೇಳೋದೇನು? ಬೆಂಕಿ ಆರಿಸಿದ್ನೋ ಇಲ್ವೋ, ಪಕ್ಕದ್ಮನೆ ಐವಿ ಬಾಗ್ಲು ತಟ್ಟಿದ್ಲು. ಒಗೆದಿದ್ದು ಕಟ್ಕೊಂಡು, ನಗ್ತಾ ತೆಗೆದೆ.”